ಮೇಲಿನ ಕಾಮೆಂಟು ಯಾರದು?

ಯೂಟ್ಯೂಬಿನಲ್ಲಿ ಹಳೆಯ ಕನ್ನಡ ಚಿತ್ರಗೀತೆಯೊಂದನ್ನು ಹಾಕಿ, ಹಾಡು ಕೇಳುತ್ತಲೇ ಕೆಳಗಿನ ಕಾಮೆಂಟುಗಳತ್ತ ಕಣ್ಣು ಹಾಯಿಸಿ. ತುದಿಯಲ್ಲಿ ಕೂತಿರುವುದು ಬಹಳ ಸಲ ಹಾಡಿನ ಬಗೆಗಿನ ಮಾತೇ ಆಗಿರುವುದಿಲ್ಲ. ‘ಈ ವರ್ಷವೂ ಈ ಹಾಡು ಕೇಳ್ತಿರೋರು ಲೈಕ್ ಮಾಡಿ’ ಎಂಬ ಒಂದು ಸಾಲು, ಅದರ ಪಕ್ಕದಲ್ಲಿ ಸಾವಿರಗಟ್ಟಲೆ ಲೈಕು. ಅದರ ಕೆಳಗೆ ನಟನ ಅಭಿಮಾನಿಗಳ ಜೈಕಾರ, ಅದರ ಕೆಳಗೆ ಇನ್ನೊಬ್ಬ ನಟನ ಅಭಿಮಾನಿಗಳ ಪ್ರತಿಜೈಕಾರ. ಬಹಳ ದೂರ ಸರಿಸಿಕೊಂಡು ಹೋದ ಮೇಲೆ, ಯಾರೋ ಒಬ್ಬರು ಹಾಡಿನ ರಾಗ ಯಾವುದು, ಪಲ್ಲವಿಗೂ ಚರಣಕ್ಕೂ ನಡುವೆ ಬರುವ ವಾದ್ಯ ಯಾವುದು, ಸಾಹಿತ್ಯದ ಆ ಪದ ಯಾವ ಸೀಮೆಯದು ಎಂದು ನಾಲ್ಕು ಸಾಲು ಬರೆದಿರುತ್ತಾರೆ. ಅದಕ್ಕೆ ಎರಡೋ ಮೂರೋ ಲೈಕು.

ಈ ನಾಲ್ಕು ಸಾಲು ಆ ಒಂದು ಸಾಲಿಗಿಂತ ಕಡಿಮೆ ಬೆಲೆಯದು ಎಂದು ಯಾರೂ ಹೇಳಲಾರರು. ಆದರೂ ಮೇಲಿನದು ಲಕ್ಷ ಜನರ ಕಣ್ಣಿಗೆ ಬೀಳುತ್ತದೆ. ಕೆಳಗಿನದು ಬರೆದವರಿಗೂ ಮರೆತುಹೋಗುತ್ತದೆ. ಯಾವ ಮಾತು ಮೇಲೆ ಬರಬೇಕೆಂದು ಇಲ್ಲಿ ಯಾವ ಸಂಪಾದಕರೂ ತೀರ್ಮಾನಿಸಿಲ್ಲ, ಲೆಕ್ಕವೊಂದು ತೀರ್ಮಾನಿಸಿದೆ. ಆ ಲೆಕ್ಕದೊಳಗೆ ಮಾತಿನ ತೂಕವನ್ನು ಹಿಂದಿಕ್ಕಿ ಮಾತಾಡಿದವರ ತೂಕ ಹೇಗೆ ಸೇರಿಕೊಂಡಿತು, ಅಲ್ಲಿಂದ ಅದು ಗೂಗಲ್ ಹುಡುಕಾಟದವರೆಗೆ ಹೇಗೆ ಹರಿಯುತ್ತದೆ ಎಂಬುದು ಕನ್ನಡದಲ್ಲಿ ಬರೆಯುವ, ಓದುವ ನಮಗೆಲ್ಲ ತಿಳಿದಿರಬೇಕಾದ ಸಂಗತಿ. ಮತಗಳ ಸಂಖ್ಯೆ ಚಿಕ್ಕದಾದಷ್ಟೂ ಈ ಲೆಕ್ಕ ಬೇಗ ದಾರಿ ತಪ್ಪುತ್ತದೆ. ಇಂಗ್ಲಿಷಿನ ಮುಂದೆ ನಮ್ಮ ಸಂಖ್ಯೆಗಳು ಚಿಕ್ಕವು.

ಮೊದಲು ಲೆಕ್ಕವನ್ನೇ ನೋಡೋಣ. ಕಾಮೆಂಟುಗಳನ್ನು ಜೋಡಿಸಲು ಯಾರಿಗಾದರೂ ಥಟ್ಟನೆ ಹೊಳೆಯುವ ದಾರಿ ಎರಡು. ಮೆಚ್ಚಿದವರ ಸಂಖ್ಯೆಯಿಂದ ಮೆಚ್ಚದವರ ಸಂಖ್ಯೆ ಕಳೆಯುವುದು ಒಂದು; ನೂರಕ್ಕೆ ಎಷ್ಟು ಮಂದಿ ಮೆಚ್ಚಿದರು ಎಂದು ನೋಡುವುದು ಇನ್ನೊಂದು. ಎರಡೂ ಕೈಕೊಡುತ್ತವೆ. ಕಳೆಯುವ ಲೆಕ್ಕದಲ್ಲಿ ಬೆಳಿಗ್ಗೆ ಎಂಟಕ್ಕೆ ಬರೆದ ಸಾಧಾರಣ ಕಾಮೆಂಟು ಮಧ್ಯಾಹ್ನ ಬಂದ ಒಳ್ಳೆಯ ಕಾಮೆಂಟನ್ನು ಹಿಂದೆ ಹಾಕುತ್ತದೆ. ಅದಕ್ಕೆ ಮತ ಕೂಡಿಸಿಕೊಳ್ಳಲು ಹೆಚ್ಚು ಹೊತ್ತು ಸಿಕ್ಕಿರುತ್ತದೆ. ಶೇಕಡಾವಾರು ಲೆಕ್ಕದಲ್ಲಿ ಒಂದೇ ಒಂದು ಲೈಕು ಬಿದ್ದದ್ದಕ್ಕೂ ನೂರಕ್ಕೆ ನೂರು. 2009ರಲ್ಲಿ ರೆಡಿಟ್ ತಾಣ ಇದಕ್ಕೊಂದು ಒಳ್ಳೆಯ ಉಪಾಯ ಅಳವಡಿಸಿತು. ಅದನ್ನು ಸೂಚಿಸಿದವರು ‘ಎಕ್ಸ್‌ಕೆಸಿಡಿ’ ವ್ಯಂಗ್ಯಚಿತ್ರಗಳ ರಾಂಡಲ್ ಮನ್ರೋ. ಸೂತ್ರ ಮಾತ್ರ ಅಮೆರಿಕದ ಎಡ್ವಿನ್ ವಿಲ್ಸನ್ 1927ರಲ್ಲೇ ಕೊಟ್ಟದ್ದು. ಅದರ ತಿರುಳು ಇಷ್ಟು: ಇಲ್ಲಿಯವರೆಗೆ ಬಿದ್ದ ಮತಗಳನ್ನು ಒಂದು ಮಾದರಿ ಎಂದುಕೊಳ್ಳಿ. ಎಲ್ಲರೂ ಓದಿ ಮತ ಹಾಕಿದ್ದರೆ ಮೆಚ್ಚುಗೆಯ ಪ್ರಮಾಣ ಕಡಿಮೆಯೆಂದರೂ ಎಷ್ಟಿರುತ್ತಿತ್ತು ಎಂದು ಅಂದಾಜು ಮಾಡಿ, ಆ ಕನಿಷ್ಠ ಅಂದಾಜಿನ ಮೇಲೆ ಸಾಲು ಕಟ್ಟಿ.

ಕೈಯಲ್ಲೇ ಲೆಕ್ಕ ಹಾಕಿ ನೋಡಬಹುದು. ಒಂದು ಕಾಮೆಂಟಿಗೆ ಒಂದು ಮೆಚ್ಚುಗೆ, ಅಮೆಚ್ಚುಗೆ ಇಲ್ಲ. ಇನ್ನೊಂದಕ್ಕೆ 10 ಮೆಚ್ಚುಗೆ, 1 ಅಮೆಚ್ಚುಗೆ. ಮೂರನೆಯದಕ್ಕೆ 40 ಮೆಚ್ಚುಗೆ, 20 ಅಮೆಚ್ಚುಗೆ. ಕಳೆಯುವ ಲೆಕ್ಕದಲ್ಲಿ ಮೂರನೆಯದು 20 ಅಂಕದಿಂದ ಗೆಲ್ಲುತ್ತದೆ, ಶೇಕಡಾವಾರಿನಲ್ಲಿ ಮೊದಲನೆಯದು. ವಿಲ್ಸನ್ ಸೂತ್ರವನ್ನು ಶೇ 95ರ ಖಚಿತತೆಗೆ ಹೊಂದಿಸಿದರೆ ಮೊದಲನೆಯದಕ್ಕೆ ಸುಮಾರು 21, ಎರಡನೆಯದಕ್ಕೆ 62, ಮೂರನೆಯದಕ್ಕೆ 54 ಬರುತ್ತದೆ. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಒಪ್ಪಿದ ಮಾತು ಮೇಲೆ ಬರುತ್ತದೆ, ತಡವಾಗಿ ಬಂದಿದ್ದರೂ ಸರಿ. ಬರೆದವರು ಯಾರು, ಅವರಿಗೆ ಹಿಂಬಾಲಕರು ಎಷ್ಟು ಎಂದು ಈ ಸೂತ್ರ ಕೇಳುವುದೇ ಇಲ್ಲ. ಅಂತರ್ಜಾಲದಲ್ಲಿ ನಾನು ಕಂಡ ನ್ಯಾಯವಾದ ಯೋಚನೆಗಳಲ್ಲಿ ಇದೂ ಒಂದು.

ಅದರ ದುರ್ಬಲ ಜಾಗವೂ ಅಷ್ಟೇ ಸ್ಪಷ್ಟ. ಪ್ರತಿ ಮತವೂ ಸ್ವತಂತ್ರ, ಯಾರನ್ನೂ ನೋಡಿ ಹಾಕಿದ್ದಲ್ಲ ಎಂದು ಸೂತ್ರ ನಂಬಿಕೊಂಡಿದೆ. ಮನುಷ್ಯರು ಹಾಗೆ ಮತ ಹಾಕುವುದಿಲ್ಲ.

ಇದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿದ ಪ್ರಯೋಗ 2013ರ ಆಗಸ್ಟಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೆವ್ ಮುಚ್ನಿಕ್, ಸಿನಾನ್ ಅರಾಲ್, ಶಾನ್ ಟೇಲರ್ ಎಂಬ ಮೂವರು ಸಂಶೋಧಕರು ಸುದ್ದಿ ಹಂಚಿಕೊಳ್ಳುವ ತಾಣವೊಂದರ ಜೊತೆ ಸೇರಿ ಐದು ತಿಂಗಳು ಅಲ್ಲಿನ 1,01,281 ಕಾಮೆಂಟುಗಳನ್ನು ಗಮನಿಸಿದರು. ಕಾಮೆಂಟು ಪ್ರಕಟವಾದ ಕೂಡಲೇ, ಗೊತ್ತುಗುರಿಯಿಲ್ಲದೆ ಆರಿಸಿದ ಕೆಲವಕ್ಕೆ ಒಂದು ಮೆಚ್ಚುಗೆಯನ್ನು, ಇನ್ನು ಕೆಲವಕ್ಕೆ ಒಂದು ಅಮೆಚ್ಚುಗೆಯನ್ನು ಸುಮ್ಮನೆ ಸೇರಿಸಿದರು. ಉಳಿದವನ್ನು ಮುಟ್ಟಲಿಲ್ಲ. ಮಾತು ಒಳ್ಳೆಯದೋ ಕೆಟ್ಟದ್ದೋ ಯಾರೂ ನೋಡಿರಲಿಲ್ಲ, ಅಂಕೆ ಮಾತ್ರ ಒಂದರಷ್ಟು ಬದಲಾಗಿತ್ತು. ಆ ಒಂದು ಹುಸಿ ಮೆಚ್ಚುಗೆಯಿಂದ, ಮುಂದೆ ಬರುವ ಮೊದಲ ಓದುಗ ಮೆಚ್ಚುಗೆ ಒತ್ತುವ ಸಾಧ್ಯತೆ ಶೇ 32ರಷ್ಟು ಹೆಚ್ಚಿತು. ಐದು ತಿಂಗಳ ಕೊನೆಗೆ ಅಂತಹ ಕಾಮೆಂಟುಗಳ ಅಂಕ ಸರಾಸರಿ ಶೇ 25ರಷ್ಟು ಮೇಲಿತ್ತು. ಅಮೆಚ್ಚುಗೆ ಸೇರಿಸಿದಲ್ಲಿ ಹಾಗಾಗಲಿಲ್ಲ. ‘ಪಾಪ, ಇದಕ್ಕೇಕೆ ಹೀಗೆ’ ಎನ್ನುವವರಂತೆ ಜನ ಅದನ್ನು ಸರಿಪಡಿಸಿದರು. ತಳ್ಳಿದ್ದನ್ನು ಎತ್ತಲು ಜನ ಬರುತ್ತಾರೆ, ಸುಮ್ಮಸುಮ್ಮನೆ ಎತ್ತಿದ್ದನ್ನು ಇಳಿಸಲು ಯಾರೂ ಬರುವುದಿಲ್ಲ. ರಾಜಕೀಯ, ಸಂಸ್ಕೃತಿ-ಸಮಾಜ ಮತ್ತು ವ್ಯಾಪಾರದ ವಿಷಯಗಳಲ್ಲಿ ಈ ಹಿಂಬಾಲಿಕೆ ಎದ್ದು ಕಂಡಿತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಆ ತಾಣದಲ್ಲಿ ಕಾಮೆಂಟುಗಳನ್ನು ಅಂಕದ ಪ್ರಕಾರ ಜೋಡಿಸುತ್ತಲೇ ಇರಲಿಲ್ಲ. ಅಂಕೆ ಕಣ್ಣಿಗೆ ಬಿದ್ದದ್ದರಿಂದಲೇ ಇಷ್ಟಾಯಿತು. ಅಂಕ ಹೆಚ್ಚಿದ್ದನ್ನು ತುದಿಗೂ ಏರಿಸುವ ಕಡೆ ಇದು ಇನ್ನೆಷ್ಟಾಗಬಹುದು ಎಂಬುದನ್ನು ಓದುಗರೇ ಊಹಿಸಬಹುದು.

ಹಾಲಿಗೆ ಬಿಟ್ಟ ಹೆಪ್ಪಿನಂತೆ ಕೆಲಸ ಮಾಡುತ್ತದೆ ಆ ಮೊದಲ ಲೈಕು. ಪ್ರಭಾವಿಗಳ ಬಲ ಇರುವುದೂ ಅಲ್ಲೇ. ಐದು ಲಕ್ಷ ಫಾಲೋವರ್‌ಗಳಿರುವ ಒಬ್ಬರು ಸುದ್ದಿಯೊಂದರ ಕೆಳಗೆ ‘ಸರಿಯಾಗಿ ಹೇಳಿದ್ರಿ’ ಎಂದಷ್ಟೇ ಬರೆದರೂ, ಅವರ ಹೆಸರು ಗುರುತಿಸುವ ಹತ್ತು ಮಂದಿ ಮೊದಲ ಐದು ನಿಮಿಷದಲ್ಲೇ ಲೈಕ್ ಒತ್ತಿರುತ್ತಾರೆ. ಅಲ್ಗಾರಿದಂ ಅವರಿಗೆ ವಿಶೇಷ ಮಣೆ ಹಾಕಬೇಕಾಗಿಯೇ ಇಲ್ಲ. ಟ್ರೋಲ್ ಪೇಜೊಂದು ಒಂದು ಕಾಮೆಂಟಿನ ಸ್ಕ್ರೀನ್‌ಶಾಟ್ ಹಾಕಿ ‘ಇದನ್ನ ನೋಡ್ರಪ್ಪ’ ಎಂದರೂ ಆಗುವುದು ಅದೇ. ಓದಿ ಒಪ್ಪಿದವರ ಮತ, ಹೆಸರು ನೋಡಿ ಒತ್ತಿದವರ ಮತ, ಗುಂಪಾಗಿ ಬಂದು ಒತ್ತಿಹೋದವರ ಮತ, ಇವು ಮೂರೂ ಲೆಕ್ಕದಲ್ಲಿ ಒಂದೇ ಬಣ್ಣ.

ಇದು ಕಾಮೆಂಟಿಗಷ್ಟೇ ಸೀಮಿತವಾದ ರೋಗವಲ್ಲ. 2006ರಲ್ಲಿ ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಅವರು 14,341 ಮಂದಿಗೆ ಅಪರಿಚಿತ ತಂಡಗಳ 48 ಹಾಡು ಕೇಳಿಸಿದರು. ಒಂದು ಗುಂಪಿಗೆ ಹಾಡುಗಳನ್ನಷ್ಟೇ ಕೊಟ್ಟರು. ಇನ್ನೆಂಟು ಪ್ರತ್ಯೇಕ ಗುಂಪುಗಳಿಗೆ, ತಮ್ಮ ಗುಂಪಿನವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡರು ಎಂಬ ಸಂಖ್ಯೆಯೂ ಕಾಣುತ್ತಿತ್ತು. ಸಂಖ್ಯೆ ಕಾಣದ ಗುಂಪಿನಲ್ಲಿ 26ನೇ ಸ್ಥಾನದಲ್ಲಿದ್ದ ಹಾಡೊಂದು, ಸಂಖ್ಯೆ ಕಂಡ ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೇರಿತು, ಇನ್ನೊಂದರಲ್ಲಿ 40ಕ್ಕೆ ಇಳಿಯಿತು. ಅದೇ ಹಾಡು, ಅದೇ ದನಿ. ತೀರಾ ಒಳ್ಳೆಯವು ಪೂರ್ತಿ ಮುಳುಗಲಿಲ್ಲ, ತೀರಾ ಕಳಪೆಯವು ತುದಿಗೇರಲಿಲ್ಲ. ನಡುವಿನವುಗಳ ಹಣೆಬರಹ ಮಾತ್ರ ಮೊದಮೊದಲು ಬಂದ ಕೆಲವರ ಕೈಯಲ್ಲಿತ್ತು. ನಾವು ಬರೆಯುವುದರಲ್ಲಿ ಹೆಚ್ಚಿನದು ನಡುವಿನದೇ.

ಹೀಗೆ ತಾನಾಗಿ ಸೇರುವ ಪ್ರಭಾವ ಸಾಲದೆಂಬಂತೆ, ಮನುಷ್ಯರ ತೂಕವನ್ನು ಬೇಕೆಂದೇ ಲೆಕ್ಕಕ್ಕೆ ಸೇರಿಸಿದ ಕಥೆ ಬೇರೆಯೇ ಇದೆ. ಅದರ ಬೇರು ಇರುವುದು ಒಂದು ಒಳ್ಳೆಯ ಯೋಚನೆಯಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ 1998ರಲ್ಲಿ ಮಂಡಿಸಿದ ಪೇಜ್‌ರ‍್ಯಾಂಕ್ ಪದ್ಧತಿ, ಒಂದು ಪುಟಕ್ಕೆ ಬೇರೆ ಪುಟಗಳು ಕೊಟ್ಟ ಲಿಂಕುಗಳನ್ನು ಮತದಂತೆ ಎಣಿಸಿತು; ತೂಕವುಳ್ಳ ಪುಟ ಕೊಟ್ಟ ಲಿಂಕಿಗೆ ಹೆಚ್ಚು ತೂಕ ಕೊಟ್ಟಿತು. ಸಂಶೋಧನಾ ಪ್ರಬಂಧಗಳನ್ನು ಎಷ್ಟು ಮಂದಿ ಉಲ್ಲೇಖಿಸಿದರು ಎಂದು ನೋಡುವ ವಿದ್ವಾಂಸರ ಹಳೆಯ ರೂಢಿಯೇ ಅದಕ್ಕೆ ಮಾದರಿ. ಲಿಂಕು ಕೊಡಬೇಕೆಂದರೆ ಯಾರೋ ಕೂತು ಒಂದು ಪುಟ ಬರೆದಿರಬೇಕು, ಓದಿ ಆರಿಸಿರಬೇಕು. ಆ ಶ್ರಮವೇ ಮತಕ್ಕೆ ಬೆಲೆ ತಂದುಕೊಟ್ಟಿತ್ತು.

ಸಾಮಾಜಿಕ ಜಾಲತಾಣಗಳು ಬಂದ ಮೇಲೆ ಅದೇ ಯೋಚನೆಯನ್ನು ಪುಟಗಳಿಂದ ಕಿತ್ತು ಮನುಷ್ಯರಿಗೆ ಹಾಕಿದರು. 2008ರಲ್ಲಿ ಶುರುವಾದ ಕ್ಲೌಟ್ ಎಂಬ ಕಂಪನಿ ಪ್ರತಿಯೊಬ್ಬರ ಪ್ರಭಾವಕ್ಕೆ 1ರಿಂದ 100ರವರೆಗೆ ಅಂಕ ಕೊಡುತ್ತಿತ್ತು. ಗಾಯಕ ಜಸ್ಟಿನ್ ಬೀಬರ್‌ಗೆ ಪೂರ್ತಿ 100 ಇದ್ದ ಕಾಲದಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಅವರಿಗೆ ಅದಕ್ಕಿಂತ ಕಡಿಮೆ ಇತ್ತು. 2012ರಲ್ಲಿ ಮೈಕ್ರೋಸಾಫ್ಟ್ ಅದರಲ್ಲಿ ಹಣ ಹೂಡಿ, ತನ್ನ ಬಿಂಗ್ ಹುಡುಕಾಟದಲ್ಲಿ ಜನರ ಹೆಸರಿನ ಪಕ್ಕ ಆ ಅಂಕವನ್ನೂ ತೋರಿಸಿತು. 2018ರ ಮೇ 25ರಂದು ಕ್ಲೌಟ್ ಬಾಗಿಲು ಮುಚ್ಚಿತು. ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಾರಿಗೆ ಬಂದದ್ದೂ ಅದೇ ದಿನ.

ಯೂಟ್ಯೂಬ್ 2013ರ ನವೆಂಬರಿನಲ್ಲಿ ತನ್ನ ಕಾಮೆಂಟುಗಳನ್ನು ಗೂಗಲಿನ ಸಾಮಾಜಿಕ ಜಾಲತಾಣವಾಗಿದ್ದ ಗೂಗಲ್ ಪ್ಲಸ್‌ಗೆ ಕಟ್ಟಿಹಾಕಿತು. ವಿಡಿಯೊ ಮಾಡಿದವರು, ಹೆಸರಾಂತರು, ನಿಮ್ಮ ಪರಿಚಯದವರು ಬರೆದದ್ದು ಮೇಲೆ ಬರುತ್ತದೆ, ಇದರಿಂದ ಕಸ ಕಡಿಮೆಯಾಗುತ್ತದೆ ಎಂಬುದು ಅವರ ವಾದ. ಕೆಲವೇ ದಿನಗಳಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ವಿರೋಧಿಸಿ ಸಹಿ ಹಾಕಿದರು. ಯೂಟ್ಯೂಬ್ ಸ್ಥಾಪಕರಲ್ಲೊಬ್ಬರಾದ ಜಾವೆದ್ ಕರೀಮ್ ಅವರೇ ಎಂಟು ವರ್ಷಗಳ ಮೌನ ಮುರಿದು ತಮ್ಮ ಚಾನೆಲ್‌ನಲ್ಲಿ ಸಿಟ್ಟು ಹೊರಹಾಕಿದರು. ಕಸವಂತೂ ಹೆಚ್ಚಿತು, ಅದನ್ನು ತಡೆಯಲು ಹೊಸ ಕ್ರಮ ಕೈಗೊಳ್ಳುತ್ತಿದ್ದೇವೆ ಎಂದು ಅದೇ ತಿಂಗಳು ಕಂಪನಿಯೇ ಹೇಳಬೇಕಾಯಿತು. 2015ರಲ್ಲಿ ಆ ಗಂಟು ಬಿಚ್ಚಿದರು, 2019ರ ಏಪ್ರಿಲಿನಲ್ಲಿ ಗೂಗಲ್ ಪ್ಲಸ್ ಸಾರ್ವಜನಿಕರಿಗೆ ಮುಚ್ಚಿತು.

ಈ ಪಾಠ ಎದುರಿಗಿದ್ದರೂ ಟ್ವಿಟರ್ ಅದೇ ದಾರಿ ಹಿಡಿಯಿತು. ಕಂಪನಿ 2023ರ ಮಾರ್ಚ್ 31ರಂದು ತನ್ನ ಶಿಫಾರಸು ವ್ಯವಸ್ಥೆಯ ಕೋಡ್ ಬಹಿರಂಗಪಡಿಸಿದಾಗ ಅದರಲ್ಲಿ ‘ಟ್ವೀಪ್‌ಕ್ರೆಡ್’ ಎಂಬ ಭಾಗವಿತ್ತು: ಪೇಜ್‌ರ‍್ಯಾಂಕನ್ನೇ ಬಳಕೆದಾರರ ಮೇಲೆ ಓಡಿಸಿ ಪ್ರತಿಯೊಬ್ಬರಿಗೂ ಒಂದು ಪ್ರತಿಷ್ಠೆಯ ಅಂಕ. ಹಣ ಕಟ್ಟಿ ನೀಲಿ ಗುರುತು ಪಡೆದವರಿಗೆ ಹೆಚ್ಚುವರಿ ಎತ್ತುವಿಕೆಯೂ ಅದೇ ಕೋಡ್‌ನಲ್ಲಿತ್ತು. ಭಾರತದಲ್ಲಿ ಆ ಸೇವೆ 2023ರ ಫೆಬ್ರುವರಿಯಲ್ಲಿ ಶುರುವಾದಾಗ ವೆಬ್‌ನಲ್ಲಿ ತಿಂಗಳಿಗೆ 650 ರೂಪಾಯಿ, ಮೊಬೈಲಿನಲ್ಲಿ 900 ರೂಪಾಯಿ. ಅಷ್ಟು ಕಟ್ಟಿದವರ ಪ್ರತಿಕ್ರಿಯೆ ಮೇಲೆ, ಕಟ್ಟದವರದು ಕೆಳಗೆ. ಅದೇ ವರ್ಷದ ಜುಲೈನಿಂದ, ತಮ್ಮ ಪೋಸ್ಟಿನ ಪ್ರತಿಕ್ರಿಯೆಗಳ ನಡುವೆ ಬರುವ ಜಾಹೀರಾತಿನ ಹಣದಲ್ಲಿ ಅರ್ಹ ಚಂದಾದಾರರಿಗೆ ಪಾಲು ಕೊಡಲು ಶುರುಮಾಡಿದರು. ಯಾರನ್ನಾದರೂ ಕೆಣಕಿ ಜಗಳ ಎಬ್ಬಿಸಿದರೂ ಸಂಪಾದನೆ ಎಂದಾಯಿತು. ಹೆಸರಾಂತ ವೈದ್ಯರೊಬ್ಬರ ಪೋಸ್ಟಿನ ಕೆಳಗೆ ಇನ್ನೊಬ್ಬ ವೈದ್ಯರು ಬರೆದ ಎಚ್ಚರಿಕೆಯ ಮಾತು ಇಪ್ಪತ್ತು ನೀಲಿ ಗುರುತುಗಳ ಕೆಳಗೆ ಹುಗಿದುಹೋಗುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಹುಡುಕಾಟ. ಕಾಮೆಂಟಿನ ಮೂಲಕ ಗೂಗಲಿನಲ್ಲಿ ಮೇಲೇರುವ ನೇರ ದಾರಿ ಬಹಳ ಹಿಂದೆಯೇ ಮುಚ್ಚಿದೆ. ಲಿಂಕೇ ಮತ ಎಂದು ಗೊತ್ತಾದ ಮೇಲೆ ಔಷಧಿ, ಜೂಜು ಮಾರುವವರು ಸಿಕ್ಕ ಸಿಕ್ಕ ಕಾಮೆಂಟು ಪೆಟ್ಟಿಗೆಗಳಲ್ಲೆಲ್ಲ ತಮ್ಮ ಲಿಂಕು ತುರುಕತೊಡಗಿದ್ದರು. 2005ರ ಜನವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂವರೂ ಒಟ್ಟಾಗಿ ‘ನೋಫಾಲೋ’ ಎಂಬ ಗುರುತು ತಂದರು. ಆ ಗುರುತಿದ್ದ ಲಿಂಕನ್ನು ಮತವೆಂದು ಎಣಿಸುವುದಿಲ್ಲ ಎಂಬುದು ಒಪ್ಪಂದ. 2019ರಲ್ಲಿ ಗೂಗಲ್ ಅದನ್ನು ಸ್ವಲ್ಪ ಸಡಿಲಿಸಿ, ಕಟ್ಟಪ್ಪಣೆಯ ಬದಲು ಸೂಚನೆ ಎಂದು ನೋಡುತ್ತೇವೆ ಎಂದಿತು. ಓದುಗರು ಬರೆದದ್ದರಲ್ಲಿನ ಲಿಂಕಿಗೆ, ಹಣ ಕೊಟ್ಟು ಹಾಕಿಸಿದ ಲಿಂಕಿಗೆ ಬೇರೆಬೇರೆ ಗುರುತು ತಂದಿತು.

ಲೈಕು, ಫಾಲೋವರ್‌ಗಳ ವಿಷಯದಲ್ಲಿ ಗೂಗಲಿನ ಮಾತು ಒಂದೇ ಕಡೆ ನಿಂತಿಲ್ಲ. 2010ರ ಡಿಸೆಂಬರಿನಲ್ಲಿ ಗೂಗಲ್, ಬಿಂಗ್ ಎರಡೂ ಸಾಮಾಜಿಕ ಜಾಲತಾಣಗಳ ಸುಳಿವುಗಳನ್ನು ಬಳಸುತ್ತೇವೆ ಎಂದು ಒಪ್ಪಿಕೊಂಡಿದ್ದವು. 2014ರ ಜನವರಿಯಲ್ಲಿ ಗೂಗಲಿನ ಮ್ಯಾಟ್ ಕಟ್ಸ್, ಫೇಸ್‌ಬುಕ್ ಮತ್ತು ಟ್ವಿಟರ್ ಪುಟಗಳನ್ನು ಇತರ ಪುಟಗಳಂತೆಯೇ ನೋಡುತ್ತೇವೆ, ಎಷ್ಟು ಲೈಕು, ಎಷ್ಟು ಫಾಲೋವರ್ ಎಂಬುದಕ್ಕೆ ಅಂಕ ಕೊಡುವುದಿಲ್ಲ ಎಂದರು. ಆ ಮಾಹಿತಿ ಗೂಗಲಿಗೆ ಯಾವಾಗ ಬೇಕಾದರೂ ಸಿಗದೇ ಹೋಗಬಹುದು, ಜನರ ಗುರುತು, ಸಂಬಂಧಗಳು ದಿನದಿನಕ್ಕೆ ಬದಲಾಗುತ್ತವೆ ಎಂಬುದು ಅವರು ಕೊಟ್ಟ ಕಾರಣ. ಹೆಚ್ಚು ಹಂಚಿಕೆಯಾದ ಪುಟಗಳು ಹುಡುಕಾಟದಲ್ಲೂ ಮೇಲಿದ್ದರೆ, ಅವು ಚೆನ್ನಾಗಿರುವುದರಿಂದಲೇ ಎರಡೂ ಕಡೆ ಮೇಲೆ ಬಂದಿರಬಹುದು, ಹಂಚಿದ್ದರಿಂದಲೇ ಮೇಲೆ ಬಂದವು ಎನ್ನಲಾಗದು ಎಂದೂ ಎಚ್ಚರಿಸಿದರು. ‘ಇಷ್ಟು ಲೈಕ್ ಕೊಡಿಸ್ತೀವಿ, ಗೂಗಲ್‌ನಲ್ಲಿ ಮೊದಲ ಪುಟಕ್ಕೆ ಬರ್ತೀರಿ’ ಎಂದು ಅಂಗಡಿ, ಕ್ಲಿನಿಕ್, ಕೋಚಿಂಗ್ ಸೆಂಟರ್‌ಗಳವರಿಂದ ದುಡ್ಡು ಕೀಳುವವರು ಈ ಮಾತನ್ನು ಹೇಳುವುದಿಲ್ಲ.

ಪ್ರಭಾವ ಹುಡುಕಾಟವನ್ನು ಮುಟ್ಟುವುದು ಬಳಸುದಾರಿಯಲ್ಲಿ. ಅಮೆರಿಕ ಸರ್ಕಾರ ಗೂಗಲ್ ವಿರುದ್ಧ ಹೂಡಿದ ಏಕಸ್ವಾಮ್ಯ ಮೊಕದ್ದಮೆಯಲ್ಲಿ, 2023ರ ಅಕ್ಟೋಬರಿನಲ್ಲಿ ಗೂಗಲಿನ ಹಿರಿಯ ಅಧಿಕಾರಿ ಪಾಂಡು ನಾಯಕ್ ಸಾಕ್ಷ್ಯ ನುಡಿಯುತ್ತಾ ‘ನ್ಯಾವ್‌ಬೂಸ್ಟ್’ ಎಂಬ ವ್ಯವಸ್ಥೆಯ ಬಗ್ಗೆ ವಿವರಿಸಿದರು. ಯಾವ ಪ್ರಶ್ನೆಗೆ ಜನ ಯಾವ ಫಲಿತಾಂಶದ ಮೇಲೆ ಒತ್ತಿದರು ಎಂಬ 13 ತಿಂಗಳ ನೆನಪು ಅದರಲ್ಲಿರುತ್ತದೆ. ಈಗ ಸರಪಳಿ ಜೋಡಿಸಿ ನೋಡಿ. ಪ್ರಭಾವಿಯೊಬ್ಬರು ರೀಲಿನಲ್ಲಿ ಒಂದು ಊಟದ ಮನೆಯ ಹೆಸರು ಹೇಳುತ್ತಾರೆ. ಸಾವಿರಾರು ಮಂದಿ ಆ ಹೆಸರನ್ನೇ ಗೂಗಲಿನಲ್ಲಿ ಹಾಕಿ ಒತ್ತುತ್ತಾರೆ. ನಾಲ್ಕು ಸುದ್ದಿತಾಣಗಳು ‘ವೈರಲ್ ಆದ ಊಟದ ಮನೆ’ ಎಂದು ಬರೆದು ಲಿಂಕು ಕೊಡುತ್ತವೆ. ಲೈಕುಗಳನ್ನು ಗೂಗಲ್ ಎಣಿಸದಿದ್ದರೂ ಅವುಗಳ ಹಿಂದೆ ಬಂದ ಹುಡುಕಾಟ, ಒತ್ತು, ಲಿಂಕು ಎಲ್ಲವೂ ಅದರ ಕಣ್ಣಿಗೆ ಬೀಳುತ್ತವೆ.

ಕನ್ನಡಿಗರು ಈ ಬಳಸುದಾರಿಯನ್ನು 2021ರ ಜೂನ್ 3ರಂದು ಕಣ್ಣಾರೆ ಕಂಡಿದ್ದಾರೆ. ಭಾರತದ ಅತ್ಯಂತ ಕುರೂಪಿ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ದೊಡ್ಡಕ್ಷರದಲ್ಲಿ ಕನ್ನಡ ಎಂದು ಉತ್ತರ ಕೊಡುತ್ತಿತ್ತು. ಉತ್ತರ ಬಂದದ್ದು ಸಾಲ ತೀರಿಸುವ ಸಲಹೆಯ ಹೆಸರಿಟ್ಟುಕೊಂಡ, ಯಾರೂ ಕೇಳಿರದ ತಾಣವೊಂದರಿಂದ. ಅಂತಹ ಅವಿವೇಕದ ಪ್ರಶ್ನೆಗೆ ಬಲ್ಲವರು ಯಾರೂ ಉತ್ತರ ಬರೆದಿರಲಿಲ್ಲ, ಖಾಲಿ ಬಿದ್ದ ಜಾಗದಲ್ಲಿ ಸಿಕ್ಕ ಒಂದೇ ಪುಟವನ್ನು ಯಂತ್ರ ಎತ್ತಿ ಹಿಡಿದಿತ್ತು. ಮೈಕ್ರೋಸಾಫ್ಟಿನ ಮೈಕೆಲ್ ಗೊಲೆಬಿಯೆವ್‌ಸ್ಕಿ ಮತ್ತು ಸಂಶೋಧಕಿ ಡೇನಾ ಬಾಯ್ಡ್ 2018ರಲ್ಲಿ ಇಂತಹ ಖಾಲಿ ಜಾಗಗಳಿಗೆ ‘ಡೇಟಾ ವಾಯ್ಡ್’ ಎಂದು ಹೆಸರಿಟ್ಟು, ದುರುದ್ದೇಶ ಇರುವವರು ಮೊದಲು ನುಗ್ಗುವುದು ಅಲ್ಲಿಗೇ ಎಂದು ಎಚ್ಚರಿಸಿದ್ದರು. ಸ್ಕ್ರೀನ್‌ಶಾಟ್ ಗಂಟೆಗಳಲ್ಲೇ ಎಲ್ಲೆಡೆ ಹರಡಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು, ಎಚ್.ಡಿ. ಕುಮಾರಸ್ವಾಮಿ, ಸಂಸದ ಪಿ.ಸಿ. ಮೋಹನ್ ಮೊದಲಾದವರು ಖಂಡಿಸಿದರು. ಗೂಗಲ್ ಆ ಉತ್ತರವನ್ನು ತೆಗೆದು ಕ್ಷಮೆ ಕೇಳಿತು.

ನಡುವೆ ಆದ ಇನ್ನೊಂದು ಸಂಗತಿಯನ್ನು ಗಮನಿಸಿದವರು ಕಡಿಮೆ. ಆ ದಿನದವರೆಗೆ ಬಹುಶಃ ಯಾರೂ ಕೇಳದಿದ್ದ ಪ್ರಶ್ನೆಯನ್ನು, ನಿಜವೇ ಎಂದು ಪರೀಕ್ಷಿಸಲು ಜನ ತಾವೇ ಕೇಳತೊಡಗಿದರು. ಸುದ್ದಿತಾಣಗಳು ಅದೇ ಪದಗಳನ್ನು ತಲೆಬರಹದಲ್ಲಿಟ್ಟು ವರದಿ ಮಾಡಿದವು. ಖಾಲಿ ಜಾಗ ವರದಿಗಳಿಂದ ತುಂಬಿತು. ಆ ಪ್ರಶ್ನೆ ಕೇಳಿದರೆ ಕನ್ನಡಿಗರ ಆಕ್ರೋಶದ ಸುದ್ದಿಯೇ ಎದುರಾಗುವಂತಾಯಿತು. ನಮ್ಮ ಸಿಟ್ಟು ನ್ಯಾಯವಾದದ್ದೇ, ಫಲವನ್ನೂ ಕೊಟ್ಟಿತು. ಆದರೆ ಕೊಳಕು ಪ್ರಶ್ನೆಯೊಂದು ಕನ್ನಡದ ಹೆಸರಿನ ಜೊತೆ ಸೇರಿ ಹುಡುಕಾಟದ ನೆನಪಿನಲ್ಲಿ ಬೇರೂರಿದ್ದೂ ಆ ಹಂಚಿಕೆಯಿಂದಲೇ. ಕೆಟ್ಟದ್ದನ್ನು ಖಂಡಿಸಲು ಅದರದೇ ಪದಗಳನ್ನು ಸಾವಿರ ಸಲ ಟೈಪ್ ಮಾಡಿದರೆ ಯಂತ್ರ ಕಲಿಯುವುದು ಆ ಪದಗಳನ್ನೇ.

ಕಾಮೆಂಟು ಮತ್ತು ಹುಡುಕಾಟ ಬೇರೆಬೇರೆ ಎಂಬ ಮಾತೂ ಈಗ ಹಳತಾಗಿದೆ. 2024ರ ಫೆಬ್ರುವರಿಯಲ್ಲಿ ರೆಡಿಟ್ ತನ್ನಲ್ಲಿನ ಚರ್ಚೆಗಳನ್ನು ಬಳಸಲು ಗೂಗಲಿಗೆ ಅನುಮತಿ ಕೊಟ್ಟಿತು. ಮೊತ್ತ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಎಂದು ವರದಿಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಗೂಗಲ್ ಹುಡುಕಾಟದ ತುದಿಯಲ್ಲಿ ಎಐ ಬರೆದ ಸಾರಾಂಶಗಳು ಬರತೊಡಗಿದವು. ಪಿಜ್ಜಾದ ಮೇಲಿನ ಚೀಸ್ ಜಾರದಿರಲು ಸಾಸ್‌ಗೆ ಅಂಟು ಬೆರೆಸಿ ಎಂದು ಒಬ್ಬರಿಗೆ ಸಲಹೆ ಸಿಕ್ಕಿತು. ಹುಡುಕಿದರೆ ಅದರ ಮೂಲ ಹನ್ನೊಂದು ವರ್ಷ ಹಿಂದೆ ರೆಡಿಟ್‌ನಲ್ಲಿ ಯಾರೋ ತಮಾಷೆಗೆ ಬರೆದ ಕಾಮೆಂಟು. ಅಲ್ಲಿದ್ದವರಿಗೆ ಅದು ತಮಾಷೆ ಎಂದು ಗೊತ್ತಿತ್ತು. ಅಂದಿನ ಲೈಕು ಆ ನಗುವಿಗೆ ಬಿದ್ದದ್ದೋ, ಮಾಹಿತಿಗೆ ಬಿದ್ದದ್ದೋ ಎಂದು ಲೆಕ್ಕ ಬರೆದಿಟ್ಟಿರಲಿಲ್ಲ. ಇಂದಿನ ಕಾಮೆಂಟಿನ ಅಂಕ ನಾಳೆಯ ಉತ್ತರಕ್ಕೆ ಕಚ್ಚಾ ಸಾಮಗ್ರಿ.

ಕನ್ನಡಕ್ಕೆ ಇದು ಹೆಚ್ಚು ತಟ್ಟುತ್ತದೆ ಎಂದು ಮೊದಲೇ ಹೇಳಿದೆ. ಇಂಗ್ಲಿಷ್ ಚರ್ಚೆಯೊಂದರಲ್ಲಿ ಐದು ಸಾವಿರ ಮತ ಬೀಳುವಾಗ ಮೂವತ್ತು ಮಂದಿಯ ಗುಂಪು ಏನೂ ಮಾಡಲಾಗದು. ತಾಲ್ಲೂಕಿನ ಆಸ್ಪತ್ರೆ, ಕೆರೆ ಒತ್ತುವರಿ, ಶಾಲೆಯ ಬಿಸಿಯೂಟದ ಬಗ್ಗೆ ಕನ್ನಡದಲ್ಲಿ ಬಂದ ಸುದ್ದಿಯ ಕೆಳಗೆ ಒಟ್ಟು ಹದಿನೈದು ಕಾಮೆಂಟು, ಅರವತ್ತು ಲೈಕು ಇದ್ದರೆ, ಅದೇ ಮೂವತ್ತು ಮಂದಿ ಒಂದು ವಾಟ್ಸ್‌ಆ್ಯಪ್ ಗುಂಪಿನಿಂದ ಎದ್ದು ಬಂದು ಇಡೀ ಊರಿನ ಅಭಿಪ್ರಾಯವನ್ನೇ ಬರೆದುಬಿಡಬಲ್ಲರು. ಲೈಕಿಗೆ ಬೆಲೆ ಇದೆ ಎಂಬ ನಂಬಿಕೆ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ವಿಡಿಯೊ ಲೈಕ್ ಮಾಡಿದರೆ, ಮ್ಯಾಪ್‌ನಲ್ಲಿ ಹೋಟೆಲಿಗೆ ಐದು ಸ್ಟಾರ್ ಕೊಟ್ಟರೆ ಐವತ್ತು ರೂಪಾಯಿ ಎಂದು ಟೆಲಿಗ್ರಾಮಿನಲ್ಲಿ ಆಸೆ ಹುಟ್ಟಿಸಿ, ಮೊದಲು ಸ್ವಲ್ಪ ಕೊಟ್ಟು, ಆಮೇಲೆ ಲಕ್ಷಗಟ್ಟಲೆ ದೋಚುವ ವಂಚನೆಗೆ ಓದಿದವರೂ ಸಿಕ್ಕಿಬಿದ್ದಿದ್ದಾರೆ. ಅಂತಹ ಕೆಲಸವೊಂದು ಇರಲು ಸಾಧ್ಯವೇ ಎಂಬ ಅನುಮಾನ ಅವರಿಗೆ ಬರಲಿಲ್ಲ.

ಕಾನೂನು ಅರ್ಧದಷ್ಟೇ ತಲುಪಿದೆ. ಆನ್‌ಲೈನ್ ವಿಮರ್ಶೆಗಳಿಗೆ ಭಾರತೀಯ ಮಾನಕ ಬ್ಯೂರೊ 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಹಣ ಅಥವಾ ಉಡುಗೊರೆ ಪಡೆದು ಹೊಗಳುವ ಪ್ರಭಾವಿಗಳು ಅದನ್ನು ಸ್ಪಷ್ಟವಾಗಿ ಹೇಳಬೇಕೆಂದಿತು. ದಾರಿ ತಪ್ಪಿಸುವ ಪ್ರಚಾರಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ, ಮತ್ತೆ ತಪ್ಪಿದರೆ 50 ಲಕ್ಷ ರೂಪಾಯಿವರೆಗೆ ದಂಡವಿದೆ. ಸೋಪಿನ ಬಗ್ಗೆ ಸುಳ್ಳು ಹೇಳಿದರೆ ಇವು ಅನ್ವಯಿಸುತ್ತವೆ. ರಸ್ತೆಯ ಗುಂಡಿಯ ಬಗ್ಗೆ ಬಾಡಿಗೆಗೆ ಬಂದ ಅಭಿಪ್ರಾಯಕ್ಕೆ ಅನ್ವಯಿಸುವುದಿಲ್ಲ.

ಪರಿಹಾರದ ತುಣುಕುಗಳು ಇಲ್ಲವೇ ಇಲ್ಲ ಎಂದಲ್ಲ. 2013ರಿಂದ ರೆಡಿಟ್ ತನ್ನ ಗುಂಪುಗಳ ಮೇಲ್ವಿಚಾರಕರಿಗೆ, ಹೊಸ ಕಾಮೆಂಟಿನ ಅಂಕವನ್ನು ಸ್ವಲ್ಪ ಹೊತ್ತು ಮರೆಮಾಡುವ ಅವಕಾಶ ಕೊಟ್ಟಿದೆ. ಕಾಮೆಂಟುಗಳನ್ನು ಗೊತ್ತುಗುರಿಯಿಲ್ಲದೆ ಕಲೆಸಿ ತೋರಿಸುವ ಅವಕಾಶವೂ ಅಲ್ಲಿದೆ. ಇನ್ನೂ ಬಲವಾದ ಉದಾಹರಣೆ ಟ್ವಿಟರಿನಲ್ಲೇ, ಈಗಿನ ಎಕ್ಸ್‌ನಲ್ಲೇ ಇದೆ. 2021ರ ಜನವರಿಯಲ್ಲಿ ‘ಬರ್ಡ್‌ವಾಚ್’ ಎಂದು ಶುರುವಾದ, ಈಗ ‘ಕಮ್ಯುನಿಟಿ ನೋಟ್ಸ್’ ಎನಿಸಿಕೊಂಡ ವ್ಯವಸ್ಥೆಯಲ್ಲಿ, ತಪ್ಪು ಪೋಸ್ಟಿಗೆ ಜನ ಬರೆಯುವ ತಿದ್ದುಪಡಿ ಎಲ್ಲರಿಗೂ ಕಾಣಬೇಕಾದರೆ ಬರಿಯ ಹೆಚ್ಚು ಮತ ಸಾಲದು. ಸಾಮಾನ್ಯವಾಗಿ ಒಬ್ಬರ ಮಾತನ್ನೊಬ್ಬರು ಒಪ್ಪದವರು ಅದನ್ನು ಒಪ್ಪಿರಬೇಕು. ಬರೆದವರ ಫಾಲೋವರ್ ಸಂಖ್ಯೆಗೆ ಅಲ್ಲಿ ಬೆಲೆಯಿಲ್ಲ. ಒಂದೇ ಪೋಸ್ಟಿನ ಕೆಳಗೆ ಪ್ರತಿಕ್ರಿಯೆಗಳು ದುಡ್ಡಿನ ಕ್ರಮದಲ್ಲಿ, ಪೋಸ್ಟಿಗೇ ಅಂಟಿಕೊಂಡ ತಿದ್ದುಪಡಿ ಒಪ್ಪಿಗೆಯ ಕ್ರಮದಲ್ಲಿ. ಎರಡನ್ನೂ ಓದಿದವರಿಗೆ ಯಾವುದು ಉಪಯೋಗಕ್ಕೆ ಬಂತು ಎಂದು ಹೇಳಬೇಕಾಗಿಲ್ಲ. ಆ ವ್ಯವಸ್ಥೆ ನಿಧಾನ, ಮತ್ತು ಮತ ಹಾಕುವವರು ಕಡಿಮೆ ಇರುವ ಭಾಷೆಗಳಲ್ಲಿ ಇನ್ನೂ ನಿಧಾನ, ನಿಜ.

ಕನ್ನಡದ ಪತ್ರಿಕೆಗಳಿಗೆ ಈ ಕೆಲಸ ಹೊಸದೇನಲ್ಲ. ಪ್ರಜಾವಾಣಿಯ ‘ವಾಚಕರ ವಾಣಿ’ಯಂತಹ ಅಂಕಣಗಳಿಗೆ ಅಂಚೆಯಲ್ಲಿ ಬಂದ ಕಾಗದಗಳನ್ನು ಯಾರೋ ಒಬ್ಬರು ಕೂತು ಓದಿ ಆರಿಸುತ್ತಿದ್ದರು, ಹಳ್ಳಿಯ ಮೇಷ್ಟ್ರೊಬ್ಬರ ಪತ್ರ ಮಾಜಿ ಸಚಿವರ ಪತ್ರದ ಮೇಲೆ ಅಚ್ಚಾಗುವುದಕ್ಕೆ ಅಡ್ಡಿ ಇರಲಿಲ್ಲ. ಅದೇ ಪತ್ರಿಕೆಗಳ ಜಾಲತಾಣ, ಯೂಟ್ಯೂಬ್ ಚಾನೆಲ್‌ಗಳಲ್ಲಿ ಇಂದು ಆ ಕುರ್ಚಿ ಖಾಲಿ. ಸುದ್ದಿ ಹಾಕಿದ ಮೊದಲ ಕೆಲವು ಗಂಟೆ ಲೈಕಿನ ಸಂಖ್ಯೆ ತೋರಿಸದಿರುವುದು, ಅಷ್ಟು ಹೊತ್ತು ಕಾಮೆಂಟುಗಳನ್ನು ಕಲೆಸಿ ತೋರಿಸುವುದು ಸ್ವಂತ ಜಾಲತಾಣದಲ್ಲಿ ಕಷ್ಟವಲ್ಲ. ಯೂಟ್ಯೂಬಿನಲ್ಲಂತೂ ಚಾನೆಲ್ಲಿನವರು ತಮಗೆ ಬೇಕಾದ ಒಂದು ಕಾಮೆಂಟನ್ನು ತುದಿಗೆ ಪಿನ್ ಮಾಡುವ ಅವಕಾಶ ಇದ್ದೇ ಇದೆ. ಹೆಚ್ಚಿನ ಸುದ್ದಿ ಚಾನೆಲ್‌ಗಳು ಅಲ್ಲಿ ತಮ್ಮ ವಾಟ್ಸ್‌ಆ್ಯಪ್ ಚಾನೆಲ್ಲಿನ ಲಿಂಕು ಪಿನ್ ಮಾಡುತ್ತವೆ. ಸುದ್ದಿಯಲ್ಲಿನ ತಪ್ಪು ತೋರಿಸಿಕೊಟ್ಟ, ಅಥವಾ ಆ ಊರಿನವರಾಗಿ ಗೊತ್ತಿದ್ದ ಒಂದು ವಿವರ ಸೇರಿಸಿದ ಓದುಗರ ಕಾಮೆಂಟನ್ನು ಆ ಜಾಗಕ್ಕೆ ತರಲು ಡೆಸ್ಕಿನಲ್ಲಿರುವ ಒಬ್ಬರಿಗೆ ದಿನಕ್ಕೆ ಅರ್ಧ ಗಂಟೆ ಬಿಟ್ಟುಕೊಟ್ಟರೆ ಸಾಕು.